ಅಗ್ಗದ ನೆಟ್ ಯಾವುದೆಂದು ಕೇಳುವ ಮೊದಲು

ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ವಿಭಾಗಕ್ಕೆ ಸೇರಿದ ದಿನದಿಂದ ನಮ್ಮ ಬಳಗದಲ್ಲಿ ನನಗೊಂದು ಪುಕ್ಕಟೆ ನೌಕರಿ ಸಿಕ್ಕಿದೆ. ಯಾರ ಮನೆಯ ಟಿ.ವಿ.ಯಲ್ಲಿ ಚಿತ್ರ ಬರದಿದ್ದರೂ, ಯಾರ ಫೋನು ಹ್ಯಾಂಗ್ ಆದರೂ ಕರೆ ಬರುವುದು ನನಗೇ. ಲಗ್ನದ ಮನೆಯಲ್ಲಿ ಪಂಕ್ತಿಗೆ ಕುಳಿತಾಗಲೂ ಬಿಡುವುದಿಲ್ಲ. ‘ಏನವಾ ಇಂಜಿನಿಯರ್, ನಮ್ಮ ಮನಿಗೆ ನೆಟ್ ಹಾಕಸಬೇಕು. ಯಾವುದು ಸೋವಿ ಐತಿ ಹೇಳು’ ಎಂದು ಎದುರಿನ ಎಲೆಯಿಂದಲೇ ಪ್ರಶ್ನೆ ತೂರಿ ಬರುತ್ತದೆ.

ನಾನಿನ್ನೂ ಐದನೇ ಸೆಮಿಸ್ಟರ್. ಆದರೂ ಬೆಟಗೇರಿಯ ನಮ್ಮ ಓಣಿ, ಲಕ್ಷ್ಮೇಶ್ವರದ ದೊಡ್ಡವ್ವನ ಮನೆ, ಮುಂಡರಗಿಯ ಮಾಮಾನ ಮನೆ, ಶಿರಹಟ್ಟಿಯ ಗೆಳತಿಯ ಮನೆ, ಇಷ್ಟಕ್ಕೂ ನಾನೇ ನೆಟ್ ಸಲಹೆಗಾರ್ತಿ. ಈ ಸಲಹೆಗಾರ್ತಿ ಮೊದಲ ಸಲವೇ ಕೊಟ್ಟ ಸಲಹೆ ಎಷ್ಟು ಕೆಟ್ಟದಾಗಿತ್ತು ಎಂಬುದನ್ನು ಹೇಳಿಕೊಂಡೇ ಮುಂದೆ ಹೋಗುತ್ತೇನೆ. ನನ್ನ ಹಾಗೆ ಮನೆಯವರಿಗೆಲ್ಲ ನೆಟ್ ಆರಿಸಿಕೊಡುವ ಹೊಣೆ ಹೊತ್ತ ವಿದ್ಯಾರ್ಥಿಗಳು ಪ್ರತಿ ಓಣಿಯಲ್ಲೂ ಇರುತ್ತೀರಿ ಎಂದು ಗೊತ್ತು.

ಎರಡು ವರ್ಷದ ಹಿಂದೆ, ಆಗಷ್ಟೇ ಕಾಲೇಜು ಸೇರಿದ್ದೆ. ಲಕ್ಷ್ಮೇಶ್ವರದ ದೊಡ್ಡಪ್ಪ ಫೋನ್ ಮಾಡಿ, ಅಕ್ಕನಿಗೆ ಕೆಲಸ ಹುಡುಕಲು ಮನೆಯಲ್ಲಿ ನೆಟ್ ಬೇಕು, ಯಾವುದು ಹಾಕಿಸಲಿ ಎಂದು ಕೇಳಿದರು. ಅಕ್ಕ ಬಿ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದ ಸಮಯ. ನಾನು ಭಾರಿ ಹುಮ್ಮಸ್ಸಿನಲ್ಲಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದು ಕಡೆ ದರ, ಇನ್ನೊಂದು ಕಡೆ ವೇಗ ಬರೆದೆ. ಅವರ ಓಣಿಯ ಕೇಬಲ್‌ನವರೊಬ್ಬರ ಯೋಜನೆ ಎಲ್ಲರಿಗಿಂತ ಮೇಲೆ ಬಂತು. 4,200 ರೂಪಾಯಿ ಒಮ್ಮೆಲೇ ಕಟ್ಟಿದರೆ ಹದಿನಾಲ್ಕು ತಿಂಗಳು, ವೇಗ 100 ಎಂಬಿಪಿಎಸ್. ತಿಂಗಳಿಗೆ ಬರೀ 300 ರೂಪಾಯಿ! ದೊಡ್ಡಪ್ಪ ಎರಡು ಮಾತಾಡದೆ ಕಟ್ಟಿಬಿಟ್ಟರು. ‘ಇಂಜಿನಿಯರ್ ಹೇಳ್ಯಾಳ ಅಂದಮ್ಯಾಲ ಮುಗೀತು’ ಅಂದರಂತೆ.

ನಾಲ್ಕನೇ ತಿಂಗಳಲ್ಲಿ ಅಕ್ಕನಿಗೆ ಒಂದು ಕಂಪನಿಯಿಂದ ಆನ್‌ಲೈನ್ ಸಂದರ್ಶನದ ಕರೆ ಬಂತು. ಬೆಳಿಗ್ಗೆ ಹನ್ನೊಂದಕ್ಕೆ. ಇಳಕಲ್ ಸೀರೆ ಉಟ್ಟು, ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದಿಟ್ಟು, ಹೊರಗೆ ಹುಡುಗರು ಗಲಾಟೆ ಮಾಡದಂತೆ ದೊಡ್ಡವ್ವನನ್ನು ಬಾಗಿಲಲ್ಲಿ ಕೂರಿಸಿ ಅಕ್ಕ ಲ್ಯಾಪ್‌ಟಾಪ್ ಮುಂದೆ ಕುಳಿತಳು. ಮೂರನೇ ಪ್ರಶ್ನೆ ಕೇಳುತ್ತಿದ್ದ ಹಾಗೆ ಎದುರಿನವರ ಮುಖ ಅಲ್ಲೇ ನಿಂತುಬಿಟ್ಟಿತು. ಮನೆಯಲ್ಲಿ ಕರೆಂಟ್ ಇತ್ತು, ರೂಟರ್‌ನ ದೀಪಗಳೂ ಉರಿಯುತ್ತಿದ್ದವು. ನೆಟ್ ಮಾತ್ರ ಇರಲಿಲ್ಲ. ಕೇಬಲ್‌ನವರಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ದೊಡ್ಡಪ್ಪನ ಫೋನಿನ ಹಾಟ್‌ಸ್ಪಾಟ್ ಹುಡುಕಿ ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಇಪ್ಪತ್ತು ನಿಮಿಷ. ‘ತಿಳಿಸುತ್ತೇವೆ’ ಅಂದರು. ತಿಳಿಸಲಿಲ್ಲ.

ನೆಟ್ ಸರಿ ಇದ್ದಿದ್ದರೆ ಆ ಕೆಲಸ ಸಿಕ್ಕೇಬಿಡುತ್ತಿತ್ತು ಎಂದು ನಾನು ಹೇಳಲಾರೆ. ಮೂರನೇ ಪ್ರಶ್ನೆಗೆ ಉತ್ತರ ಹೇಳುವ ಅವಕಾಶವಾದರೂ ಅವಳಿಗೆ ಸಿಗುತ್ತಿತ್ತು. ಏಳನೇ ತಿಂಗಳಿಗೆ ಆ ಕೇಬಲ್‌ನವರು ತಮ್ಮ ಲೈನನ್ನೆಲ್ಲ ಬೇರೊಬ್ಬರಿಗೆ ಮಾರಿ ಹೋದರು. ಹೊಸಬರು ‘ಹಳೇ ರೊಕ್ಕಕ್ಕ ನಾವು ಜವಾಬ್ದಾರಿ ಅಲ್ರಿ’ ಎಂದರು. ನಮ್ಮ ಬಳಿ ರಸೀದಿ ಇರಲಿಲ್ಲ. ಇದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಹೆಬ್ಬೆರಳಿನ ಚಿತ್ರ ಮಾತ್ರ. ದೊಡ್ಡಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅವತ್ತು ನೆಟ್ ಯಾಕೆ ಹೋಯಿತು ಎಂದು ತಿಳಿಯಲು ಮುಂದಿನ ರಜೆಯಲ್ಲಿ ಲಕ್ಷ್ಮೇಶ್ವರಕ್ಕೆ ಹೋದಾಗ ಕಂಬದಿಂದ ಕಂಬಕ್ಕೆ ತಂತಿ ನೋಡುತ್ತಾ ನಡೆದೆ. (ಓಣಿಯ ಮುದುಕಿಯರು ‘ಈ ಹುಡುಗಿ ಮ್ಯಾಲ ಏನ ನೋಡಾಕತ್ತೈತಿ’ ಎಂದು ಕೇಳಿದ್ದು ಬೇರೆ ಕತೆ.) ತಂತಿ ಹಿಂದಿನ ಓಣಿಯ ಒಂದು ಮನೆಯ ಮಾಳಿಗೆಗೆ ಹೋಗಿ ಸೇರಿತ್ತು. ಅಲ್ಲೊಂದು ಕಬ್ಬಿಣದ ಪೆಟ್ಟಿಗೆ, ಒಳಗೆ ಒಂದು ಸ್ವಿಚ್. ಆ ಸ್ವಿಚ್ಚಿಗೆ ಕರೆಂಟ್ ಆ ಮನೆಯದ್ದೇ. ಸಂದರ್ಶನದ ದಿನ ಆ ಮನೆಯವರು ಊರಿಗೆ ಹೋಗುವಾಗ ಮೇನ್ ಆಫ್ ಮಾಡಿ ಕೀಲಿ ಹಾಕಿಕೊಂಡು ಹೋಗಿದ್ದರು. ಅವರದೇನೂ ತಪ್ಪಿಲ್ಲ. ತಮ್ಮ ಮನೆಯ ದೀಪ ಆರಿಸಿದರೆ ಇಡೀ ಓಣಿಯ ನೆಟ್ ಆರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು?

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು, ಯಾಕೆಂದರೆ ದರಪಟ್ಟಿಯಲ್ಲಿ ಇದು ಎಲ್ಲಿಯೂ ಇರುವುದಿಲ್ಲ. ಹಳೆಯ ಕೇಬಲ್ ಜಾಲಗಳಲ್ಲಿ ಮನೆಗೆ ಬರುವುದು ತಾಮ್ರದ ಲ್ಯಾನ್ ತಂತಿ. ಅದು ಒಂದೇ ಓಟದಲ್ಲಿ 100 ಮೀಟರ್‌ಗಿಂತ ಆಚೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಸ್ವಿಚ್ ಇಡಬೇಕು, ಪ್ರತಿ ಸ್ವಿಚ್ಚಿಗೂ ಕರೆಂಟ್ ಬೇಕು. ದಾರಿಯಲ್ಲಿ ಎಲ್ಲಿ ಕರೆಂಟ್ ಹೋದರೂ ಅದರ ಮುಂದಿನ ಮನೆಗಳೆಲ್ಲ ಕತ್ತಲು. ಮನೆಯ ತನಕ ಫೈಬರ್ ಎಳೆದರೆ ಹೀಗಾಗುವುದಿಲ್ಲ. ಒಂದು ಫೈಬರ್ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುವ ಸ್ಪ್ಲಿಟರ್ ಎಂಬುದು ಬರೀ ಗಾಜಿನ ಕೆಲಸ, ಅದಕ್ಕೆ ಕರೆಂಟೇ ಬೇಡ. ಕರೆಂಟ್ ಬೇಕಾಗುವುದು ಎರಡೇ ಕಡೆ: ಕೇಬಲ್‌ನವರ ಕಚೇರಿಯಲ್ಲಿ ಮತ್ತು ನಮ್ಮ ಮನೆಯಲ್ಲಿ. ಅವರ ಹತ್ತಿರ ಬ್ಯಾಟರಿ ಇದ್ದು, ನಮ್ಮ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಇಡೀ ಓಣಿ ಕತ್ತಲಲ್ಲಿದ್ದರೂ ಸಂದರ್ಶನ ನಡೆಯುತ್ತದೆ. ಈ ಸಣ್ಣ ಯುಪಿಎಸ್ ಒಂದೆರಡು ಸಾವಿರದೊಳಗೆ ಸಿಗುತ್ತದೆ.

ನಾಚಿಕೆಯ ವಿಷಯ ಏನೆಂದರೆ, ಅದೇ ಸೆಮಿಸ್ಟರ್‌ನ ಭೌತಶಾಸ್ತ್ರದಲ್ಲಿ ನಾನು ಆಪ್ಟಿಕಲ್ ಫೈಬರ್ ಓದಿದ್ದೆ. ನ್ಯೂಮರಿಕಲ್ ಅಪರ್ಚರ್‌ನ ಲೆಕ್ಕ ಬಿಡಿಸಿ ಅಂಕವನ್ನೂ ತೆಗೆದುಕೊಂಡಿದ್ದೆ. ದೊಡ್ಡಪ್ಪನ ಮನೆಗೆ ಬರುತ್ತಿರುವುದು ಫೈಬರೋ ತಾಮ್ರವೋ ಎಂದು ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ದರದ ಲೆಕ್ಕದಲ್ಲೂ ನಾನು ಎಡವಿದ್ದೆ. ಕೆಲವು ವರ್ಷ ನಾವು ಜಾಹೀರಾತಿನಲ್ಲಿ ಕಾಣುತ್ತಿದ್ದ ಆರಂಭದ ದರಗಳು ಹೆಚ್ಚುಕಡಿಮೆ ಹೀಗಿದ್ದವು: ಜಿಯೋಫೈಬರ್‌ನ 30 ಎಂಬಿಪಿಎಸ್‌ಗೆ 399, ಬಿಎಸ್‌ಎನ್‌ಎಲ್‌ ಫೈಬರ್‌ನ 30 ಎಂಬಿಪಿಎಸ್‌ಗೆ 449, ಏರ್‌ಟೆಲ್‌ನ 40 ಎಂಬಿಪಿಎಸ್‌ಗೆ 499. ಇವು ಆಗಾಗ ಬದಲಾಗುತ್ತವೆ, ಕೊಡುಗೆಗಳು ಬಂದು ಹೋಗುತ್ತವೆ. ಬದಲಾಗದೆ ಇರುವುದು ಜಾಹೀರಾತಿನ ಕೆಳಗೆ ಇರುವೆ ಗಾತ್ರದಲ್ಲಿ ಬರೆದ ‘ಜಿಎಸ್‌ಟಿ ಪ್ರತ್ಯೇಕ’. ಶೇ 18ರಷ್ಟು ಸೇರಿದರೆ 399 ಎಂಬುದು 471 ಆಗುತ್ತದೆ, 449 ಎಂಬುದು 530, 499 ಎಂಬುದು 589. ಮೊಬೈಲ್ ರೀಚಾರ್ಜ್‌ನಲ್ಲಿ ತೆರಿಗೆ ಸೇರಿಸಿಯೇ ದರ ಹೇಳುತ್ತಾರೆ, ಮನೆ ನೆಟ್‌ನಲ್ಲಿ ಸೇರಿಸದೆ ಹೇಳುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಸಾಮಾನ್ಯ ಜನರಿಗೆ ಇದು ಮೋಸದ ಹಾಗೆಯೇ ಕಾಣುತ್ತದೆ. ಕೈಗೆ ಬರುವ ಬಿಲ್ಲಿನ ಮೊತ್ತವನ್ನೇ ದೊಡ್ಡದಾಗಿ ಬರೆಯಲು ಕಂಪನಿಗಳಿಗೆ ಏನು ಕಷ್ಟ?

ಹಾಗಂತ ನಮ್ಮ ಅಪ್ಪನ ವಾದವೂ ಸರಿಯಲ್ಲ. ಅಪ್ಪ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಾರೆ. ‘ಫೋನಿನ್ಯಾಗ ನೆಟ್ ಐತೆಲ್ಲ, ಮತ್ತ ಮನಿಗೆ ಯಾಕ ಬೇಕು’ ಎನ್ನುವುದು ಅವರ ಮಾತು. 2024ರ ಜುಲೈನಲ್ಲಿ ಮೊಬೈಲ್ ದರ ಏರಿದಾಗ ನಾನು ಅವರ ಎದುರೇ ಲೆಕ್ಕ ಹಾಕಿದೆ. ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿ ಕೊಡುವ 28 ದಿನದ ರೀಚಾರ್ಜ್ 239ರಿಂದ 299ಕ್ಕೆ ಹೋಗಿತ್ತು. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ಒಂದು ಫೋನಿಗೆ 3,887 ರೂಪಾಯಿ. ನಾನು, ತಮ್ಮ, ಅಪ್ಪ ಸೇರಿ ಮೂರು ಫೋನಿಗೆ 11,661. 399ರ ಮನೆ ನೆಟ್‌ಗೆ ತೆರಿಗೆ ಸೇರಿ ವರ್ಷಕ್ಕೆ ಸುಮಾರು 5,650. ಫೋನಿನ ರೀಚಾರ್ಜ್ ಪೂರ್ತಿ ನಿಲ್ಲಿಸಲು ಆಗುವುದಿಲ್ಲ ನಿಜ. ಆದರೆ 2025ರ ಜನವರಿಯಿಂದ ಬರೀ ಕರೆ ಮತ್ತು ಎಸ್‌ಎಂಎಸ್‌ನ ರೀಚಾರ್ಜ್‌ಗಳೂ ಬಂದಿವೆ, ಅಪ್ಪನಂಥವರಿಗೆ ಅದು ಸಾಕು. ಒಂದೂವರೆ ಜಿಬಿಯಲ್ಲಿ ಎರಡು ಪಾಠದ ವಿಡಿಯೊ ನೋಡಿ, ಒಂದು ಸಾಫ್ಟ್‌ವೇರ್ ಇಳಿಸಿಕೊಳ್ಳುವ ಹೊತ್ತಿಗೆ ‘ನಿಮ್ಮ ಇಂದಿನ ಡೇಟಾ ಮುಗಿದಿದೆ’ ಎಂಬ ಸಂದೇಶ ಬರುವುದು ಪ್ರತಿ ಇಂಜಿನಿಯರಿಂಗ್ ವಿದ್ಯಾರ್ಥಿಗೂ ಗೊತ್ತಿರುವ ಸಂಕಟ.

ವೇಗದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಗೆಳೆಯರು ನಗುತ್ತಾರೆ. ನಾಲ್ಕು ಜನರ ಮನೆಗೆ 30 ಎಂಬಿಪಿಎಸ್ ಸಾಕು. ವಿಡಿಯೊ ಸಂದರ್ಶನಕ್ಕೆ ಮೂರು-ನಾಲ್ಕು ಎಂಬಿಪಿಎಸ್ ಇದ್ದರೆ ಧಾರಾಳ. ಆದರೆ ಅದು ಎರಡೂ ಕಡೆಗೆ ಇರಬೇಕು: ನಮ್ಮ ಮುಖ ಅವರಿಗೆ ತಲುಪುವುದು ಅಪ್‌ಲೋಡ್‌ನಿಂದ. ‘100 ಎಂಬಿಪಿಎಸ್’ ಎಂದು ಹೇಳುವವರನ್ನು ‘ಅಪ್‌ಲೋಡ್ ಎಷ್ಟು?’ ಎಂದು ಕೇಳಿ ನೋಡಿ, ಮುಖ ಬೇರೆ ಕಡೆ ತಿರುಗಿಸುತ್ತಾರೆ. ಇನ್ನು ‘100 ವರೆಗೆ’ ಎನ್ನುವುದರಲ್ಲಿ ‘ವರೆಗೆ’ ಎಂಬ ಪದಕ್ಕೇ ತೂಕ ಜಾಸ್ತಿ. ಮನೆ ತನಕ ಫೈಬರ್ ಬಂದಿದ್ದರೆ ಆ ಎಳೆಯಲ್ಲಿ ಸುಮಾರು 2,500 ಎಂಬಿಪಿಎಸ್ ಓಡಬಲ್ಲದು. 32 ಮನೆಯವರೂ ಒಟ್ಟಿಗೆ 30 ಎಂಬಿಪಿಎಸ್ ಬಳಸಿದರೂ 960 ದಾಟುವುದಿಲ್ಲ. ಹಾಗಿದ್ದೂ ರಾತ್ರಿ ಒಂಬತ್ತಕ್ಕೆ ನೆಟ್ ತೆವಳುತ್ತದೆ ಎಂದರೆ, ಹೆಚ್ಚಿನ ಸಲ ಕೊಡುವವರು ಹಿಂದಿನಿಂದ ಕೊಂಡಿರುವ ಬ್ಯಾಂಡ್‌ವಿಡ್ತ್ ಗಿರಾಕಿಗಳ ಸಂಖ್ಯೆಗೆ ಸಾಲುತ್ತಿಲ್ಲ ಎಂದೇ ಅರ್ಥ. ಅದಕ್ಕೇ ನಾನೀಗ ಯಾರು ಕೇಳಿದರೂ ಹೇಳುವುದು ಇಷ್ಟು: ಅದೇ ಕಂಪನಿಯ ನೆಟ್ ಇರುವ ನೆರೆಮನೆಗೆ ರಾತ್ರಿ ಎಂಟರಿಂದ ಹತ್ತರ ನಡುವೆ ಹೋಗಿ ವೇಗ ನೋಡಿ. ಮಧ್ಯಾಹ್ನ ಅಂಗಡಿಯಲ್ಲಿ ತೋರಿಸುವ ವೇಗ ಲೆಕ್ಕಕ್ಕಿಲ್ಲ.

ನಮ್ಮ ಭಾಗದ ಹಳೆ ಮನೆಗಳದ್ದು ಇನ್ನೊಂದು ತರಹ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ವೈಫೈಯನ್ನು ಆಚೆ ಬಿಡುವುದಿಲ್ಲ. ಪಡಸಾಲೆಯಲ್ಲಿ 30, ಅಡುಗೆಮನೆಯಲ್ಲಿ 3. ಇದಕ್ಕೆ ಕಂಪನಿಯನ್ನು ಬೈದು ಉಪಯೋಗವಿಲ್ಲ. ಪ್ಲಾನ್ ದೊಡ್ಡದು ಮಾಡಿಸುವ ಬದಲು ಓದುವ ಕೋಣೆಯಲ್ಲೇ ರೂಟರ್ ಇಡಿಸಿ, ಪರೀಕ್ಷೆ-ಸಂದರ್ಶನದ ದಿನ ಲ್ಯಾಪ್‌ಟಾಪಿಗೆ ತಂತಿಯನ್ನೇ ಚುಚ್ಚಿ.

ಇನ್ನು ಎಲ್ಲ ಓಣಿಯವರಿಗೂ ಆರಿಸಿಕೊಳ್ಳುವ ಭಾಗ್ಯ ಇರುವುದಿಲ್ಲ. ಗದಗ-ಬೆಟಗೇರಿಯಲ್ಲಿ ನಮ್ಮ ಓಣಿಗೆ ಎರಡು-ಮೂರು ಕಡೆಯಿಂದ ತಂತಿ ಬಂದಿದೆ, ಚೌಕಾಶಿ ಮಾಡಬಹುದು. ಶಿರಹಟ್ಟಿಯ ನನ್ನ ಗೆಳತಿಯ ಮನೆ ಊರ ಅಂಚಿನ ಹೊಸ ಪ್ಲಾಟ್‌ನಲ್ಲಿದೆ, ಅಲ್ಲಿಗೆ ಫೈಬರ್ ಎಳೆಯಲು ಯಾರೂ ಮುಂದೆ ಬಂದಿಲ್ಲ. 2023ರಲ್ಲಿ ಬಂದ ಏರ್‌ಫೈಬರ್ ಅಂದರೆ ಟವರ್‌ನಿಂದ ಗಾಳಿಯಲ್ಲೇ ಬರುವ ಮನೆ ನೆಟ್, ಇಂಥ ಕಡೆ ಇರುವ ದಾರಿ. ಜಿಯೋದಲ್ಲಿ ಅದು ಶುರುವಾದದ್ದು 599ರಿಂದ, ತೆರಿಗೆ ಸೇರಿದರೆ 707. ತಂತಿಯಷ್ಟು ಅಗ್ಗವಲ್ಲ. ಗಾಳಿಯ ನೆಟ್‌ನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಡೌನ್‌ಲೋಡ್‌ಗಿಂತ ಬಹಳ ಕಡಿಮೆ. ಆದರೆ ಜೆಸಿಬಿ ಕತ್ತರಿಸಲು ಅಲ್ಲಿ ತಂತಿಯೇ ಇಲ್ಲ ಎನ್ನುವುದು ಅವಳ ಸಮಾಧಾನ. ಅವಳು ಅದೇ ಪ್ಲಾಟ್‌ನ ಹತ್ತು ಮನೆಯವರನ್ನು ಒಟ್ಟು ಮಾಡಿ, ಎಲ್ಲರೂ ಸೇರಿ ಫೈಬರ್‌ನವರನ್ನು ಕೇಳೋಣ ಎಂದು ಓಡಾಡುತ್ತಿದ್ದಾಳೆ. 1905ರಲ್ಲೇ ನಮ್ಮ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿದವರು, ಹತ್ತು ಮನೆಯವರು ಒಂದು ಅರ್ಜಿಗೆ ಸಹಿ ಹಾಕಲಾರರೇ ಎಂದು ನಾನೂ ಹುರಿದುಂಬಿಸಿದ್ದೇನೆ. ಇಲ್ಲಿಯ ತನಕ ಆರು ಸಹಿ ಆಗಿವೆ.

ನನ್ನ ತಲೆಯನ್ನು ನಿಜವಾಗಿ ತಿದ್ದಿದವರು ಮುಂಡರಗಿಯ ಮಾಮಾ. ಹತ್ತನೇ ತರಗತಿ ತನಕ ಓದಿದವರು, ಹೊಲ ಮಾಡಿಕೊಂಡಿದ್ದಾರೆ. ಅವರು ಮನೆಗೆ ನೆಟ್ ಹಾಕಿಸುವಾಗ ನಾನು ಹೇಳಿದ ಅಗ್ಗದ ಪ್ಲಾನ್ ಬಿಟ್ಟು, ತಿಂಗಳಿಗೆ ನೂರು ರೂಪಾಯಿ ಜಾಸ್ತಿಯ ಒಂದು ಫೈಬರ್ ತೆಗೆದುಕೊಂಡರು. ಜಗಳವನ್ನೇ ಮಾಡಿದೆ. ಮಾಮಾ ನಕ್ಕು ಹೇಳಿದ್ದಿಷ್ಟು: ‘ಪಂಪ್‌ಸೆಟ್ ತರೂ ಮುಂದ ಕಂಪನಿ ಹೆಸರು ಆಮ್ಯಾಲ ನೋಡತೇವಿ. ಕೆಟ್ಟರ ರಿಪೇರಿ ಮಾಡಾಂವ ಊರಾಗ ಅದಾನೋ ಇಲ್ಲೋ ಅನ್ನೂದ ಮೊದಲ ನೋಡತೇವಿ. ಈ ನೆಟ್ಟಿನ ಹುಡುಗ ಮೂರನೇ ಮನ್ಯಾಗ ಅದಾನ.’

ಆಷಾಢ ಬಂತು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ ಎಂಥದ್ದೆಂದು ಈ ಭಾಗದವರಿಗೆ ಹೇಳಬೇಕಿಲ್ಲ, ಅದನ್ನು ನಂಬಿಯೇ ಇಲ್ಲಿ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿದ್ದಾರೆ. ಕಂಬದಿಂದ ಕಂಬಕ್ಕೆ ಜೋತಾಡುವ ತಂತಿ ಆ ಗಾಳಿಗೆ ಎಷ್ಟು ದಿನ ತಡೆದೀತು? ಮಾಮಾನ ಮನೆಯ ತಂತಿಯೂ ಹರಿಯಿತು. ಆ ಹುಡುಗ ಏಣಿ ಹೊತ್ತು ತಂದು, ಒಂದು ತಾಸಿನಲ್ಲಿ ಜೋಡಿಸಿ, ಮಾಮಿ ಕೊಟ್ಟ ಚಹಾ ಕುಡಿದು ಹೋದ. ಅದೇ ವಾರ ಬೆಟಗೇರಿಯ ನಮ್ಮ ಮನೆಯ ನೆಟ್ ಹೋಗಿ ಐದು ದಿನ ನಾನು ದೂರು ಕೇಂದ್ರದ ಸಂಗೀತ ಕೇಳುತ್ತಾ ಕುಳಿತಿದ್ದೆ. ಐದು ದಿನದಲ್ಲಿ ಒಂದು ಅಸೈನ್‌ಮೆಂಟ್ ತಪ್ಪಿತು. ನೂರು ರೂಪಾಯಿಯ ಉಳಿತಾಯ ಎಲ್ಲಿ ಹೋಯಿತೆಂದು ಹುಡುಕಬೇಕಾಗಿ ಬರಲಿಲ್ಲ.

ಹಾಗೆಂದು ‘ಊರಿನವರದ್ದೇ ತಗೊಳ್ಳಿ’ ಎಂದು ನಾನು ಹೇಳುತ್ತಿಲ್ಲ. ದೊಡ್ಡಪ್ಪನಿಗೆ ಕೈಕೊಟ್ಟವರೂ ಊರಿನವರೇ ಆಗಿದ್ದರು. ಅಷ್ಟಕ್ಕೂ ಬಿಎಸ್‌ಎನ್‌ಎಲ್‌ ಫೈಬರ್ ಕೂಡ ಎಷ್ಟೋ ಕಡೆ ಸ್ಥಳೀಯ ಕೇಬಲ್‌ನವರ ಜೊತೆ ಆದಾಯ ಹಂಚಿಕೊಂಡು ಮನೆಗೆ ಬರುತ್ತದೆ. ಅಂದರೆ ಬಿಲ್ಲಿನ ಮೇಲೆ ಯಾರ ಹೆಸರಿದ್ದರೂ ಏಣಿ ಹೊತ್ತು ಬರುವವನು ಊರಿನ ಹುಡುಗನೇ ಆಗಿರಬಹುದು. ಅವನು ಯಾರು, ಅವನ ಕೈಯಲ್ಲಿ ಎಷ್ಟು ಮನೆಗಳಿವೆ, ಕಳೆದ ಸಲ ನೆಟ್ ಹೋದಾಗ ಎಷ್ಟು ಹೊತ್ತಿಗೆ ಬಂದ ಎಂದು ಓಣಿಯ ನಾಲ್ಕು ಮನೆಯಲ್ಲಿ ಕೇಳಿ. ಎರಡು ಗಂಟೆಯ ಕೆಲಸ. ನಾನು ಎರಡು ವರ್ಷದ ಹಿಂದೆ ನೋಟ್‌ಬುಕ್ಕಿನಲ್ಲಿ ಎಳೆದ ಗೆರೆಗಳಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಜೊತೆಗೆ ಕಾಗದವೂ ಬೇಕು. ಒಳ್ಳೆಯ ಹುಡುಗ ನಾಳೆ ಬೇರೆ ಕೆಲಸ ಸಿಕ್ಕು ಹುಬ್ಬಳ್ಳಿಗೆ ಹೋಗಬಹುದು. ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೊಡದವರಿಗೆ ಹಣ ಕೊಡಬೇಡಿ. ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ದೂರು ಕೇಂದ್ರ ಕೇಳದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್ ನಿಯಮ ಇದೆ. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ: ದೂರಸಂಪರ್ಕ ಸೇವೆಯ ತಕರಾರನ್ನು ಗ್ರಾಹಕರ ವೇದಿಕೆಗಳು ಕೇಳಬಹುದು ಎಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಿಲ್ಲಾ ಗ್ರಾಹಕರ ಆಯೋಗ ಗದಗಿನಲ್ಲೇ ಇದೆ. ದೊಡ್ಡಪ್ಪನ ಬಳಿ ಒಂದು ರಸೀದಿ ಇದ್ದಿದ್ದರೆ ನಾನೇ ಅರ್ಜಿ ಬರೆದುಕೊಡುತ್ತಿದ್ದೆ. ಹೆಬ್ಬೆರಳಿನ ಚಿತ್ರ ಹಿಡಿದು ಎಲ್ಲಿಗೆ ಹೋಗುವುದು?

ವರ್ಷದ ಹಣ ಒಮ್ಮೆಲೇ ಕಟ್ಟಿದರೆ ಎರಡು ತಿಂಗಳು ಉಚಿತ ಎನ್ನುವ ಆಸೆಗೆ ಮೊದಲ ವರ್ಷ ಬೀಳಲೇಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳು ತಿಂಗಳು ಕಟ್ಟುವವನನ್ನು ಕಂಪನಿ ಕಳೆದುಕೊಳ್ಳಬಹುದು, ಹಾಗಾಗಿ ಅವನ ಫೋನ್ ಎತ್ತುತ್ತದೆ. ಹದಿನಾಲ್ಕು ತಿಂಗಳಿನದ್ದು ಕಟ್ಟಿ ಕುಳಿತವನ ಫೋನ್ ಯಾಕೆ ಎತ್ತಬೇಕು?

ಕಳೆದ ತಿಂಗಳು ಅಕ್ಕನಿಗೆ ಇನ್ನೊಂದು ಸಂದರ್ಶನವಿತ್ತು. ಲಕ್ಷ್ಮೇಶ್ವರದ ಮನೆಗೆ ಈಗ ಫೈಬರ್ ಬಂದಿದೆ. ಓಣಿಯ ಐದು ಮನೆಯಲ್ಲಿ ದೊಡ್ಡಪ್ಪನೇ ವಿಚಾರಿಸಿಕೊಂಡು ಬಂದು ಆರಿಸಿದ್ದು, ನನ್ನನ್ನು ಕೇಳಿರಲಿಲ್ಲ. ನಾನು ಹಿಂದಿನ ದಿನವೇ ಹೋಗಿ ರೂಟರ್‌ಗೆ ಸಣ್ಣ ಯುಪಿಎಸ್ ಜೋಡಿಸಿ, ದೊಡ್ಡಪ್ಪನ ಫೋನಿನ ಹಾಟ್‌ಸ್ಪಾಟ್ ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟೆ. ಸಂದರ್ಶನ ನಡುವೆ ಇರುವಾಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ರೂಟರ್‌ನ ದೀಪ ನಿಲ್ಲಲಿಲ್ಲ. ಅಕ್ಕ ಬೆವರು ಒರೆಸಿಕೊಳ್ಳುತ್ತಲೇ ನಲವತ್ತು ನಿಮಿಷ ಮಾತಾಡಿದಳು. ಫಲಿತಾಂಶ ಇನ್ನೂ ಬಂದಿಲ್ಲ.

ನಾನು ಬೆಟಗೇರಿಗೆ ಹೊರಟಾಗ ದೊಡ್ಡಪ್ಪ ಬಸ್ ಸ್ಟ್ಯಾಂಡಿನ ತನಕ ಬಂದರು. ‘ನೆಟ್ಟಿನಾಂವ ಬಂದಿದ್ದ. ವರ್ಷದ್ದು ಕಟ್ಟಿದರ ರಿಯಾಯ್ತಿ ಐತಿ ಅಂತ. ಏನ ಮಾಡ್ಲಿ?’ ಎಂದರು.

‘ಒಂದ ತಿಂಗಳದ್ದು ಕಟ್ರಿ ದೊಡ್ಡಪ್ಪ. ಬಿಲ್ ಇಸ್ಕೊಳ್ರಿ.’